ಎಣಿಕೆಯಲ್ಲಿ ಮೂರನೆಯವನು

ಅಪ್ಪಾ,

ಪಿಂಚಣಿ ಕಚೇರಿಗೆ ಹೊರಟೆ. ಮಾತ್ರೆ ಫ್ರಿಜ್ ಮೇಲಿದೆ, ಊಟ ಆದ ಮೇಲೇ ತಗೋ. ಇನ್ಮೇಲೆ ನನ್ನ ರೂಮಿಗೆ ಹೊರಗಿಂದ ಚಿಲಕ ಹಾಕಬೇಡ. ಇದು ಜೈಲಲ್ಲ, ನೀನೀಗ ವಾರ್ಡರ್ ಅಲ್ಲ ಅಂತ ಎಷ್ಟು ಸಲ ಬಡ್ಕೊಳ್ಳಲಿ?

ಹೊಸ ಕಾಯ್ದೆಯಲ್ಲಿ ಜೈಲು ಸಿಬ್ಬಂದಿಯ ಮನಸ್ಸಿಗಾದ ಪೆಟ್ಟಿಗೂ ಅಂಗವೈಕಲ್ಯ ಪಿಂಚಣಿ ಇದೆಯಂತೆ. ಮನೆಯವರು ಕಂಡಿದ್ದನ್ನ ಬರೆದುಕೊಡಬೇಕು. ಬರೆದಿದ್ದೀನಿ: ಗಂಟೆಗೊಮ್ಮೆ ತಲೆ ಎಣಿಸ್ತೀಯ. ಮನೇಲಿರೋದು ನಾವಿಬ್ಬರೇ, ನಿನಗೆ ಮೂರು ಬರುತ್ತೆ. ನಿನ್ನ ಪಾಳಿಯಲ್ಲಿ ನೇಣು ಹಾಕ್ಕೊಂಡ ಆ ಕೈದಿಯನ್ನೂ ಸೇರಿಸ್ತೀಯ.

ಕೋಪ ಮಾಡ್ಕೋಬೇಡ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ.

ಒಂದನ್ನ ಮಾತ್ರ ಬರೆದಿಲ್ಲ. ಮಗಳಾದ ನನಗೆ ಏನಾಯ್ತು ಅಂತ ಆ ಫಾರಂ ಕೇಳಲ್ಲ. ಇವತ್ತು ತಿಂಡಿಗೆ ನಾನೂ ಮೂರು ತಟ್ಟೆ ಇಟ್ಟೆ. ಮೂರನೆಯದು ಮೇಜಿನ ಮೇಲೆ ಹಾಗೇ ಇದೆ. ನೀನೇ ತೆಗೆದಿಡು, ನನ್ನ ಕೈಲಾಗಲಿಲ್ಲ.