ಗ್ಲಾಸಿನ ತಳದ ನಕ್ಷತ್ರ

ನಿಖಿತಾ,

ಗ್ಲಾಸುಗಳನ್ನು ತೊಳೆಯುವುದು ಅರ್ಧಕ್ಕೇ ಬಿಟ್ಟು ಹೊರಟಿದ್ದೇನೆ. ಉಳಿದವನ್ನು ತೊಳೆದಿಡು. ಬಿಸಿನೀರು ಬೇಡ, ಹಳೇ ಗಾಜು.

ಕಿಟಕಿಯಲ್ಲಿಟ್ಟ ಎರಡನ್ನು ಮುಟ್ಟಬೇಡ. ಆರೂ ಒಂದೇ ಕಂಪನಿಯವು ಎಂದು ನಿನ್ನ ಫೋನು ಫೋಟೊ ನೋಡಿ ಹೇಳಿತಲ್ಲ, ಅದು ನೋಡಿದ್ದು ಮೇಲಿನ ಗೆರೆಗಳನ್ನು. ಮಾಡಿದವರ ಗುರುತು ತಳದಲ್ಲಿರುತ್ತದೆ. ಸವೆದಿತ್ತು. ವಿಭೂತಿ ತಿಕ್ಕಿದೆ, ಎದ್ದು ಕಂಡಿತು: ನಾಲ್ಕರಲ್ಲಿ ಕಮಲ, ಈ ಎರಡರಲ್ಲಿ ನಕ್ಷತ್ರ. ಮದುವೆಯಲ್ಲಿ ನಮ್ಮಪ್ಪ ನನಗೆ ಕೊಡಿಸಿದ್ದ ಆರೂ ಕಮಲದವು. ನಕ್ಷತ್ರದವು ಖಾನಾಪುರದ ನನ್ನ ತಂಗಿ ಗಂಗಾದೇವಿಯವು.

ನಿನ್ನ ಅಪ್ಪನ ತೊಟ್ಟಿಲ ಕಾರ್ಯಕ್ಕೆ ಸಾಲದೆಂದು ತನ್ನ ಗ್ಲಾಸುಗಳನ್ನೂ ತಂದುಕೊಟ್ಟಿದ್ದಳು. ಆಮೇಲೆ ತಿರುಗಿ ಒಯ್ಯುವಾಗ, "ಅಕ್ಕಾ, ನನ್ನವು ಎರಡು ನಿನ್ನ ಕಡೇನ ಉಳದಾವ ನೋಡು" ಎಂದಳು. ನಾನು ಎಣಿಸಿದೆ, ಆರಿದ್ದವು. ನನ್ನವೆರಡು ಗದ್ದಲದಲ್ಲಿ ಒಡೆದಿರಬೇಕು, ಅದು ಹೊಳೆಯಲಿಲ್ಲ. ತಿರುವಿ ನೋಡದೆ, "ನಾನೇನ್ ಕಳ್ಳಿ ಏನ?" ಎಂದುಬಿಟ್ಟೆ. ಅಂದಿನಿಂದ ಆಕೆ ನಮ್ಮ ಹೊಸ್ತಿಲು ತುಳಿದಿಲ್ಲ.

ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮೊದಲು ಬರೆದ ಪತ್ರ ಆಕೆಗೇ, ಮನೆಗೆ ಬಾ ಎಂದು. ತಪ್ಪು ಆಕೆಯದೇ ಎಂದುಕೊಂಡು ಅಂಚೆಗೆ ಹಾಕದೆ ಹನ್ನೊಂದು ವರ್ಷ ಟ್ರಂಕಿನಲ್ಲಿಟ್ಟೆ. ಇವತ್ತು ಅದರ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: "ಗಂಗಾ, ಗ್ಲಾಸು ನಿನ್ನವೇ. ನಾನೇ ತಪ್ಪಿದೆ."

ಎರಡನ್ನೂ ಹಳೇ ಸೀರೆಯಲ್ಲಿ ಸುತ್ತಿಡು. ಆಕೆ ಬಂದು ಒಯ್ಯುತ್ತಾಳೆ, ನನಗೆ ಗೊತ್ತು.

ಫೋನ್ ಮಾಡಿದ್ದರೆ ಮುಗಿಯುತ್ತಿತ್ತಲ್ಲ ಆಯಿ, ಅನ್ನಬೇಡ. ಗಂಗಾ ನನ್ನ ಅಕ್ಷರ ಇನ್ನೂ ನೋಡಿಲ್ಲ. ಪತ್ರ ಹಾಕಲು ಹೊರಟೆ.

ಆಯಿ