ಅತ್ತೆ ಹೇಳಿದ ಸುಳ್ಳು

ಮಾರ್ಚ್ ೯, ಭಾನುವಾರ

ನಿದ್ದೆ ಹತ್ತುತ್ತಿಲ್ಲ. ಇವತ್ತು ಜಾಂಬೆಜಿ ನದಿಯ ನಡುನೀರಿನಲ್ಲಿ ನೀರಾನೆಯೊಂದು ಅಡಿಯಿಂದೆದ್ದು ನಮ್ಮ ದೋಣಿಯನ್ನು ಮಗುಚಿಹಾಕಿತು. ಅದರ ಮರಿ ಹತ್ತಿರದಲ್ಲೇ ಇತ್ತು. "ಅಳಿಯಂದ್ರೇ, ಕೈ ಕೊಡಿ!" ಎಂದು ಅತ್ತೆ ಕೂಗಿದ್ದು ಕೇಳಿಸಿತು. ಕೇಳಿಯೂ ನಾನು ದಡಕ್ಕೆ ಈಜಿದೆ, ತಿರುಗಿ ನೋಡಲಿಲ್ಲ. ಅವರು ಜೊಂಡು ಹಿಡಿದುಕೊಂಡು ತಾವಾಗಿಯೇ ಮೇಲೆ ಬಂದರು.

ಊರಿನಲ್ಲಿ ಎಲ್ಲರೆದುರು ಅತ್ತೆ ನಗುತ್ತ ಹೇಳಿದರು: "ಅಳಿಯಂದ್ರು ಎಳ್ಕೊಳ್ದೇ ಇದ್ದಿದ್ರೆ ನಾನಿವತ್ತು ಮೊಸಳೆ ಬಾಯಿಗೆ ತುತ್ತಾಗ್ತಿದ್ದೆ!" ನನ್ನ ಹೆಂಡತಿ ನಮತಾಮಾ ಹೆಮ್ಮೆಯಿಂದ ದೊಡ್ಡ ಮೀನನ್ನು ನನ್ನ ತಟ್ಟೆಗೇ ಬಡಿಸಿದಳು. ತಿಂದೆ.

ಆಮೇಲೆ ಅಂಗಳದಲ್ಲಿ ಮೆಲ್ಲಗೆ ಕೇಳಿದೆ, "ಯಾಕೆ ಹಾಗಂದ್ರಿ, ಅತ್ತೆ?"

"ನನ್ ಮಗಳು ನಿಮ್ ಜೊತೆ ಬಾಳ್ಬೇಕಲ್ಲಪ್ಪ," ಎಂದರು. ನನ್ನ ಮುಖ ನೋಡಲಿಲ್ಲ.

ನಮತಾಮಾ ನನ್ನ ತೋಳಿನ ಮೇಲೆ ತಲೆಯಿಟ್ಟು ನಿಶ್ಚಿಂತೆಯಿಂದ ಮಲಗಿದ್ದಾಳೆ. ಎಬ್ಬಿಸಿ ಹೇಳಿಬಿಡಬೇಕು. ಹೇಳಿದರೆ ಅವಳು ಈ ತೋಳಿನ ಮೇಲೆ ಮತ್ತೆ ತಲೆಯಿಡುತ್ತಾಳೆಯೇ?