ಮೊಂಜಿಯಾಳನ್ನು ನಮ್ಮ ವಾರ್ಡಿಗೆ ವಾಪಸು ಕಳಿಸಿ

ಮಾನ್ಯ ಪ್ರಾಂತೀಯ ನಿರ್ದೇಶಕರೇ,

ನನ್ನ ತಾಯಿ ಸತ್ತಳು. ಅದಕ್ಕಾಗಿ ನೀವು ವೃದ್ಧಾಶ್ರಮದ ಆಯಾ ಮೊಂಜಿಯಾಳನ್ನು ಅಮಾನತು ಮಾಡಿದಿರಿ. ನಿಮ್ಮ ಆದೇಶದಲ್ಲಿ 'ಕರ್ತವ್ಯಲೋಪ' ಎಂಬ ಪದವಿದೆ. ಪದ ಸರಿಯಾಗಿಯೇ ಇದೆ. ಅದರ ಪಕ್ಕದಲ್ಲಿ ಬರೆದ ಹೆಸರು ತಪ್ಪು. ಸತ್ತವಳ ಮಗಳು ನಾನು. ದೂರು ಕೊಡುವ ಹಕ್ಕು ಯಾರಿಗಾದರೂ ಇದ್ದರೆ ನನಗಿದೆ. ನಾನು ಆ ಆಯಾಳ ಮೇಲೆ ದೂರು ಕೊಟ್ಟಿಲ್ಲ. ನಿಮ್ಮ ಮೇಲೆ ಕೊಡುತ್ತಿದ್ದೇನೆ, ಅದೂ ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲಿ.

ನನ್ನ ತಾಯಿ ಶಾದ್ಲಿಯಾ, ಫಾಸ್ಫೇಟ್ ಗಣಿಯ ದೂಳು ಕುಡಿದು ಸತ್ತವನ ಹೆಂಡತಿ. ಮುಷ್ಕರದ ಕಾಲದಲ್ಲಿ ಅದಿರಿನ ರೈಲಿಗೆ ಅಡ್ಡವಾಗಿ ಹಳಿಯ ಮೇಲೆ ಕೂತವಳು. ಲಕ್ವ ಹೊಡೆದ ಮೇಲೆ ಅವಳ ಎಡಮೈ ಹೋಯಿತು, ಗಂಟಲೂ ಸೋತಿತು. ನುಂಗಿದ್ದು ಹೊಟ್ಟೆಗೆ ಹೋಗದೆ ಉಸಿರಿನ ದಾರಿಗೆ ಇಳಿಯುತ್ತಿತ್ತು. ಹೆತ್ತವಳನ್ನು ಆಶ್ರಮಕ್ಕೆ ಹಾಕಿದಳೆಂದು ನಮ್ಮ ಬೀದಿ ನನ್ನ ಬೆನ್ನ ಹಿಂದೆ ಉಗುಳಿತು. ಉಗುಳಲಿ. ಆ ಮೈಯನ್ನು ಮಗ್ಗುಲು ತಿರುಗಿಸಲು ಇಬ್ಬರು ಬೇಕು. ನಾನು ಒಬ್ಬಳು, ಹಗಲೆಲ್ಲ ಹೊಲಿಗೆ ಕಾರ್ಖಾನೆಯಲ್ಲಿ ಇರುವವಳು. ಸರ್ಕಾರಿ ವೃದ್ಧಾಶ್ರಮದಲ್ಲಿ ಇಬ್ಬರಾದರೂ ಇರುತ್ತಾರೆ ಎಂದು ನಂಬಿದೆ. ಅಲ್ಲಿಯೂ ಒಬ್ಬಳೇ ಇದ್ದಳು. ಇಡೀ ಹೆಂಗಸರ ವಾರ್ಡಿಗೆ ಮೊಂಜಿಯಾ ಒಬ್ಬಳು.

ಉಳಿದವರೆಲ್ಲಿ ಎಂದು ನಾನು ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಇಲ್ಲಿ ತರಬೇತಿ ಪಡೆದ ನರ್ಸುಗಳು ಸಮುದ್ರದಾಚೆ ಯಾರದೋ ಅಮ್ಮಂದಿರಿಗೆ ಚಮಚದಲ್ಲಿ ಉಣಿಸುತ್ತಿದ್ದಾರೆ. ಬದುಕಲು ಹೋದವರನ್ನು ದೂರುವಷ್ಟು ಸಣ್ಣವಳಲ್ಲ ನಾನು. ಆದರೆ ಅವರು ಬಿಟ್ಟುಹೋದ ಜಾಗಗಳನ್ನು ಖಾಲಿ ಇಟ್ಟವರು ಯಾರು? ಆ ಖಾಲಿತನಕ್ಕೆ ಸುಣ್ಣ ಬಳಿದು, ಬಾಗಿಲಿಗೆ ರಮದಾನಿನ ದೀಪಮಾಲೆ ಕಟ್ಟಿಸಿದವರು ಯಾರು?

ಮೊಂಜಿಯಾ ಉಣಿಸುವುದನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಗಂಜಿಯಷ್ಟು ಗಟ್ಟಿ ಮಾಡಿದ ಸೂಪು, ಮಕ್ಕಳ ಚಮಚ. ಅಮ್ಮನನ್ನು ನೆಟ್ಟಗೆ ಕೂರಿಸಿ, ತುತ್ತು ಉಸಿರಿನ ದಾರಿ ಹಿಡಿಯದಿರಲೆಂದು, "ಶಾದ್ಲಿಯಾ ಖಾಲಾ, ಗದ್ದ ಕೆಳಗೆ. ಇನ್ನೂ ಸ್ವಲ್ಪ. ಹಾಂ, ನಾಚಿಕೊಂಡ ಮದುಮಗಳ ಥರ" ಎಂದು ಸ್ವಂತ ಚಿಕ್ಕಮ್ಮನಿಗೆ ಹೇಳುವ ಹಾಗೆ ಹೇಳುತ್ತಿದ್ದಳು.

"ಮದುಮಗಳಾಗಿದ್ದಾಗ್ಲೂ ನಾನು ತಲೆ ತಗ್ಗಿಸ್ಲಿಲ್ಲ ಕಣೇ" ಎಂದು ಅಮ್ಮ ತೊದಲುತ್ತಿದ್ದಳು.

"ಗೊತ್ತು ಬಿಡು, ಪೊಲೀಸ್ನೋರ ಮುಂದೇನೂ ತಗ್ಗಿಸ್ಲಿಲ್ಲ. ನನ್ನ ಸೂಪಿಗೆ ತಗ್ಗಿಸು, ನಿನ್ನ ಮರ್ಯಾದೆ ಏನೂ ಹೋಗಲ್ಲ."

ಅಮ್ಮ ನಗುತ್ತಿದ್ದಳು. ಆ ನಗು ನಿಲ್ಲುವ ತನಕ ಮೊಂಜಿಯಾ ಚಮಚ ಎತ್ತುತ್ತಿರಲಿಲ್ಲ. ಗಂಟಲು ಅಲುಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮುಂದಿನ ತುತ್ತು. ಯಾರ ಬಾಯಿಗೆ ಏನು ಕೊಡಬಾರದು ಎಂದು ಹೇಳುವ ಫಲಕ ಆ ವಾರ್ಡಿನಲ್ಲಿ ಇರಲಿಲ್ಲ. ಮೊಂಜಿಯಾಳೇ ಆ ಫಲಕ.

ಆ ಸಂಜೆ ನೀವು ಬಂದಿರಿ. ವರ್ಷಕ್ಕೊಮ್ಮೆ ಹಿರಿಯರ ಜೊತೆ ಇಫ್ತಾರ್ ಮಾಡುವ ನಿಮ್ಮ ದೊಡ್ಡ ಮನಸ್ಸು! ಅಂಗಳದಲ್ಲಿ ಶಾಮಿಯಾನ, ಮೈಕು, ಕ್ಯಾಮೆರಾ. ನಡೆಯಬಲ್ಲ ಹಿರಿಯರು ನಿಮ್ಮ ಫೋಟೊಗೆ ಹೊರಗೆ, ನಡೆಯಲಾಗದವರು ಒಳಗೆ. ಮುಂದಿನದನ್ನು ನನಗೆ ಹೇಳಿದವಳು ಅಮ್ಮನ ಪಕ್ಕದ ಮಂಚದ ನಫೀಸಾ ಖಾಲಾ.

ಮೇಲ್ವಿಚಾರಕಿ ಬಾಗಿಲಲ್ಲಿ ನಿಂತು, "ಮೊಂಜಿಯಾ, ಬೇಗ ಬಾರೇ, ಬಡಿಸೋಕೆ ಯಾರೂ ಇಲ್ಲ" ಎಂದಳಂತೆ.

"ಒಳಗೂ ಯಾರೂ ಇಲ್ವಲ್ಲ ಮೇಡಂ. ಇವರನ್ನ ಬಿಟ್ಟು ಹೆಂಗೆ ಬರ್ಲಿ?"

"ನಿರ್ದೇಶಕರು ಖಾಲಿ ತಟ್ಟೆ ಮುಂದೆ ಕೂತಿದಾರೆ. ನಿನ್ನ ಮುದುಕಿಯರು ಎಲ್ಲಿಗೂ ಓಡಿಹೋಗಲ್ಲ, ಬಾ!"

ಸೂರ್ಯ ಮುಳುಗಿದ, ಬಾಂಗ್ ಕೇಳಿತು. ನಿಮ್ಮ ಜೊತೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಒಳಗಿನವರಿಗೂ ಪುಣ್ಯ ಸಿಗಲಿ ಎಂದು ಖರ್ಜೂರದ ತಟ್ಟೆ ಹಿಡಿದು ವಾರ್ಡಿಗೆ ಬಂದಳು. ನಮ್ಮಲ್ಲಿ ಯಾವ ಮಗಳು ಹಾಗೆ ಮಾಡುವುದಿಲ್ಲ? ಉಪವಾಸ ಬಿಡುವ ಹೊತ್ತಿಗೆ ಮೊದಲ ಖರ್ಜೂರವನ್ನು ಹಿರಿಯರ ಬಾಯಿಗಿಟ್ಟು ಆಮೇಲೆ ತಾನು ತಿನ್ನಬೇಕೆಂದು ಅವಳಿಗೆ ಅವಳ ಅಮ್ಮ ಕಲಿಸಿದ್ದಾಳೆ, ನನಗೆ ನನ್ನಮ್ಮ ಕಲಿಸಿದ್ದಾಳೆ.

"ಒಳ್ಳೇ ಹುಡುಗಿ ಕಣಮ್ಮ" ಎಂದಳು ನಫೀಸಾ ಖಾಲಾ. "ಬೀಜ ತೆಗೆದು, 'ಬಿಸ್ಮಿಲ್ಲಾ ಅಜ್ಜಿ' ಅಂದ್ಲು. ನಿಮ್ಮಮ್ಮ ಬಾಯಿ ತೆರೆದ್ಲು. ಎಷ್ಟು ಕಾಲ ಆಗಿತ್ತೋ ಪಾಪ, ಖರ್ಜೂರದ ರುಚಿ ನೋಡಿ! ಕಣ್ಣು ಮುಚ್ಕೊಂಡು ಅಗಿದ್ಲು. ಆಮೇಲೆ ಆ ಸದ್ದು... ಆ ಹುಡುಗಿ ಕಿರುಚಿದ್ಲು, ನಾನೂ ಕೂಗಿದೆ. ಹೊರಗೆ ಮೈಕಲ್ಲಿ ಯಾರೋ ಹಿರಿಯರ ಸೇವೆ ಅಂತ ಭಾಷಣ ಮಾಡ್ತಿದ್ರು. ಯಾರಿಗೆ ಕೇಳ್ಸುತ್ತೆ?"

ಆ ಭಾಷಣ ನಿಮ್ಮದು, ಮಾನ್ಯರೇ. ಆ ಹೊತ್ತಿನಲ್ಲಿ ಮೊಂಜಿಯಾಳ ಕೈಯಲ್ಲಿದ್ದ ಸೂಪಿನ ಪಾತ್ರೆ ನಿಮ್ಮ ತಟ್ಟೆಯ ಮೇಲೆ ಬಾಗಿತ್ತು. ಹಾಗಾದರೆ ವಾರ್ಡಿನಲ್ಲಿ ಇರಲಿಲ್ಲವೆಂದು ಅವಳಿಗೆ ಶಿಕ್ಷೆ ಕೊಟ್ಟದ್ದು ಯಾವ ನ್ಯಾಯ? ನಿಮ್ಮ ಹೊಟ್ಟೆ ತುಂಬಿಸಿದ್ದು ಕರ್ತವ್ಯವೋ, ಲೋಪವೋ?

ಆ ಹುಡುಗಿ ನನ್ನ ಮನೆಗೆ ಬಂದು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. ತಪ್ಪು ನಿನ್ನದಲ್ಲ ಮಗಳೇ ಎಂದೆ. ಅಮ್ಮ ಕೊನೆಗೆ ಸಿಹಿ ತಿಂದು ಹೋದಳು ಎಂದೆ. ಅದನ್ನು ಹೇಳುವಾಗ ನನ್ನ ಬಾಯಿ ಕಹಿಯಾಗಿತ್ತು.

ಅಮ್ಮನ ಬಟ್ಟೆ ತರಲು ನಿನ್ನೆ ಆಶ್ರಮಕ್ಕೆ ಹೋಗಿದ್ದೆ. ನಫೀಸಾ ಖಾಲಾಳದೂ ಅಂಥದೇ ಗಂಟಲು. ಮೊಂಜಿಯಾಳ ಜಾಗಕ್ಕೆ ನೀವು ಕಳಿಸಿರುವುದು ಬಟ್ಟೆ ಒಗೆಯುವವಳನ್ನು. ಅವಳು ಹೆದರಿ, ಚಮಚವನ್ನು ಬಾಯಿಂದ ದೂರವೇ ಹಿಡಿದಿದ್ದಳು. ನಫೀಸಾ ಖಾಲಾ ತುಟಿ ಬಿಗಿದಿದ್ದಳು. "ಮೊಂಜಿಯಾ ಬರ್ಲಿ, ಆಮೇಲೆ ಉಣ್ತೀನಿ" ಎಂದು ಬಟ್ಟಲನ್ನು ದೂರ ತಳ್ಳಿದಳು. ಹಸಿವು ಆ ಹಟವನ್ನು ಮುರಿಯುತ್ತದೆ, ಇಲ್ಲವೇ ಹಟ ಅವಳನ್ನು ಮುರಿಯುತ್ತದೆ.

ನನಗೆ ಪರಿಹಾರ ಬೇಡ, ನಿಮ್ಮ ಸಂತಾಪವೂ ಬೇಡ. ಮೊಂಜಿಯಾಳ ಅಮಾನತು ರದ್ದು ಮಾಡಿ, ಅವಳನ್ನು ಆ ಮಂಚದ ಪಕ್ಕಕ್ಕೆ ಕಳಿಸಿ. ಅವಳ ಜೊತೆಗೆ, ಬಾಗಿಲಲ್ಲಿ ಯಾರು ಕೂಗಿದರೂ ಎದ್ದು ಹೋಗಬೇಕಿಲ್ಲದಷ್ಟು ಜನರನ್ನು ಕೊಡಿ. ಅದು ಆಗುವ ತನಕ ನೀವೇ ಬನ್ನಿ, ಕ್ಯಾಮೆರಾ ಬಿಟ್ಟು ಬನ್ನಿ. ನಫೀಸಾ ಖಾಲಾಳ ಮುಂದೆ ಕೂತು ಚಮಚ ಹಿಡಿಯಿರಿ. ಅವಳು ಬಾಯಿ ತೆರೆಯದಿದ್ದರೆ ಗದರಬೇಡಿ. ಗದ್ದ ಕೆಳಗೆ ಮಾಡುವುದು ಹೇಗೆಂದು ಮೊದಲು ನೀವು ಮಾಡಿ ತೋರಿಸಿ. ನಮ್ಮಂಥವರ ಮುಂದೆ ತಲೆ ತಗ್ಗಿಸಿ ನಿಮಗೆ ಅಭ್ಯಾಸವಿಲ್ಲ, ನಿಧಾನವಾಗಿ ಕಲಿಯಿರಿ.

ಇಂತಿ,
ತಾಯಿಯ ಖಾಲಿ ಮಂಚದಿಂದ ಬಟ್ಟೆಗಂಟು ಹೊತ್ತು ತಂದ,
ಪಕ್ಕದ ಮಂಚ ಖಾಲಿಯಾಗದಿರಲಿ ಎಂದು ಬರೆಯುತ್ತಿರುವ
ವಸೀಲಾ, ಹೊಲಿಗೆ ಕಾರ್ಖಾನೆಯ ಕೆಲಸಗಾರ್ತಿ